ಬ್ಯಾಂಡೇಜಿನ ಗಂಟು ಬಿಚ್ಚಿದ ಕತೆ

ನಮ್ಮ ಸೋದರಮಾವನ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದ್ದರು. ಗಾಯಕ್ಕೆ ಸುತ್ತುವ ಬಿಳಿ ಬ್ಯಾಂಡೇಜಿನಿಂದಲೇ ಕಟ್ಟಿದ್ದರು. ಮೆತ್ತಗಿನ ಬಟ್ಟೆಯೇ, ಆದರೆ ಎಳೆದಾಡಿದಷ್ಟೂ ಹುರಿಗೊಂಡು ದಾರವಾಗುತ್ತದೆ. ಮಣಿಕಟ್ಟಿನ ಸುತ್ತ ಕೆಂಪಗೆ ಬರೆ ಎದ್ದಿತ್ತು. ಮಾನ್ವಿ ತಾಲ್ಲೂಕಿನ ಹೊಲದಲ್ಲಿ ಹತ್ತಿಗೆ ಎಣ್ಣೆ ಹೊಡೆಯುವಾಗ ಗಾಳಿ ತಿರುಗಿ ಮುಖ ಮೈಯೆಲ್ಲ ತೊಯ್ದಿತ್ತು. ನಮ್ಮ ಕಡೆ ಕ್ರಿಮಿನಾಶಕಕ್ಕೆ ಎಣ್ಣೆ ಎಂದೇ ಹೆಸರು. ಮಾನ್ವಿಯಲ್ಲಿ ಮೊದಲ ಇಂಜೆಕ್ಷನ್ ಮಾಡಿ ರಾಯಚೂರಿಗೆ ಕಳಿಸಿದರು. ಮೊದಲ ದಿನ ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಎರಡನೆಯ ದಿನ ಅದು ನಿಂತಿತು, ಬೇರೊಂದು ಶುರುವಾಯಿತು. ಕಣ್ಣಿಗೆ ಕಾಣದ ಏನನ್ನೋ ಗಾಳಿಯಲ್ಲಿ ಆಯುವುದು, ಸಲೈನಿನ ಸೂಜಿಗೆ ಕೈ ಹಾಕುವುದು, "ಎತ್ತು ಹಗ್ಗ ಹರಕೊಂಡಾವ, ಬಿಡ್ರಿ ನನ್ನ" ಎಂದು ಮಂಚ ಇಳಿಯಲು ಹೊರಡುವುದು. ಸಂಜೆಗೆ ಕೈ ಕಟ್ಟಿದರು, ರಾತ್ರಿಗೆ ಕಾಲು.

ಪಕ್ಕದ ಮಂಚದಲ್ಲಿ ದೇವದುರ್ಗ ಕಡೆಯವರೊಬ್ಬರಿದ್ದರು. ಸೇಂದಿ ಸಿಗದೆ ಮೂರು ದಿನವಾಗಿತ್ತು. ಮೈಯೆಲ್ಲ ನಡುಕ, ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತಿದೆ ಎನ್ನುತ್ತಿದ್ದರು. ಅವರ ಕೈಗೂ ಅದೇ ಬ್ಯಾಂಡೇಜು. ಇಡೀ ವಾರ್ಡಿಗೆ ಆ ರಾತ್ರಿ ಇಬ್ಬರೇ ಸಿಸ್ಟರ್‌ಗಳು. ನಮ್ಮತ್ತೆ ಹೊರಗೆ ವರಾಂಡದಲ್ಲಿ, ರೊಟ್ಟಿ ಗಂಟಿನ ಪಕ್ಕದಲ್ಲಿ, ಒಳಗೆ ಬರಬಾರದೆಂದು ಹೇಳಿಸಿಕೊಂಡು ಕೂತಿದ್ದರು.

ಕಟ್ಟಿದವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಕೈ ಬಿಟ್ಟಿದ್ದರೆ ಸೂಜಿ ಕಿತ್ತುಕೊಳ್ಳುತ್ತಿದ್ದರು, ಆ ಸೂಜಿಯ ದಾರಿಯಲ್ಲೇ ಅವರ ಜೀವ ಇತ್ತು. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಹತ್ತಿತು. ಕಟ್ಟಿದರೆ ರೋಗಿ ಸುರಕ್ಷಿತ ಎಂದು ನಾವೆಲ್ಲ ನಂಬಿದ್ದೇವಲ್ಲ, ಅದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ?

ನೋಡಿದ್ದಾರೆ. ಮೊದಮೊದಲು ನೋಡಿದವರಲ್ಲಿ ಒಬ್ಬ ವೈದ್ಯನೂ ಅಲ್ಲ. ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಗೆ 1771ರಲ್ಲಿ ಗಂಡಮಾಲೆ ರೋಗಿಯಾಗಿ ಬಂದ, ಚರ್ಮ ಹದ ಮಾಡುವ ಕಸುಬಿನ ಝಾನ್ ಬಾಪ್ತೀಸ್ತ್ ಪ್ಯುಸೆನ್. ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ನಿಂತ, ಮನೋರೋಗಿಗಳ ವಿಭಾಗದ ಮೇಲ್ವಿಚಾರಕನಾದ. ಹೆಂಡತಿ ಮಾರ್ಗರೀತ್ ಜೊತೆ ಸೇರಿ ರೋಗಿಗಳ ನಡುವೆಯೇ ಬದುಕಿದ. ಈಗಿನ ಮಾತಿನಲ್ಲಿ ಇಬ್ಬರೂ ನರ್ಸ್‌ಗಳೇ. ಸಿಬ್ಬಂದಿ ರೋಗಿಗಳಿಗೆ ಹೊಡೆಯುವುದನ್ನು ನಿಲ್ಲಿಸಿದ, ವಾಸಿಯಾದವರನ್ನೇ ಹುಡುಕಿ ಕೆಲಸಕ್ಕೆ ಇಟ್ಟುಕೊಂಡ, 1797ರಲ್ಲಿ ಸರಪಳಿಗಳನ್ನು ತೆಗೆಸಿದ. ಸರಪಳಿ ಬಿಚ್ಚಿಸುತ್ತಿರುವ ವೈದ್ಯ ಫಿಲಿಪ್ ಪಿನೆಲ್ ಅವರ ತೈಲಚಿತ್ರ ಜಗತ್ಪ್ರಸಿದ್ಧ. ಪಿನೆಲ್ ಮಾತ್ರ ತಾನು ಕಲಿತದ್ದು ಪ್ಯುಸೆನ್‌ನಿಂದ ಎಂದು ಬರೆದಿಟ್ಟ ಪ್ರಾಮಾಣಿಕ. ಸರಪಳಿ ಹೋದ ಜಾಗಕ್ಕೆ ಬಿಗಿ ಅಂಗಿ ಬಂತು ಎನ್ನುವುದನ್ನೂ ಹೇಳಬೇಕು. ಕೈ ಇನ್ನೂ ಕಟ್ಟಿಯೇ ಇತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇಂಗ್ಲೆಂಡಿನ ಲಿಂಕನ್ ಊರಿನ ಸಣ್ಣ ಆಸ್ಪತ್ರೆಯಲ್ಲಿ ನಡೆದದ್ದು. 1829ರಲ್ಲಿ ವಿಲಿಯಂ ಸ್ಕ್ರಿವಿಂಜರ್ ಎಂಬ ರೋಗಿಯನ್ನು ಬಿಗಿ ಅಂಗಿ ತೊಡಿಸಿ, ಮಂಚಕ್ಕೆ ಬಿಗಿದು, ರಾತ್ರಿಯೆಲ್ಲ ಒಬ್ಬನನ್ನೇ ಬಿಟ್ಟಿದ್ದರು. ಬೆಳಗ್ಗೆ ನೋಡಿದರೆ ಸತ್ತಿದ್ದ. ಆಸ್ಪತ್ರೆಯವರು ಕಟ್ಟುವುದನ್ನು ನಿಷೇಧಿಸಲಿಲ್ಲ. ರಾತ್ರಿ ಯಾರನ್ನಾದರೂ ಕಟ್ಟಿದರೆ ಬೆಳಗಿನವರೆಗೂ ಒಬ್ಬ ಸಿಬ್ಬಂದಿ ಪಕ್ಕದಲ್ಲಿ ಇರಲೇಬೇಕು ಎಂಬ ನಿಯಮವನ್ನಷ್ಟೇ ತಂದರು. ಎಷ್ಟು ಜನರನ್ನು ಎಷ್ಟು ಹೊತ್ತು ಕಟ್ಟಿದರು ಎಂಬ ಲೆಕ್ಕವನ್ನೂ ಇಟ್ಟರು.

ಆ ಲೆಕ್ಕ ಓದಿದಾಗ ನಾನು ಸುಮ್ಮನೆ ಕೂತುಬಿಟ್ಟೆ. 1830ರಲ್ಲಿ 92 ರೋಗಿಗಳಲ್ಲಿ 54 ಜನರನ್ನು ಕಟ್ಟಿದ್ದರು, ವರ್ಷದಲ್ಲಿ ಒಟ್ಟು 27,000 ಗಂಟೆಗೂ ಹೆಚ್ಚು. 1836ಕ್ಕೆ ರೋಗಿಗಳು ಹೆಚ್ಚಾಗಿದ್ದರು, ಕಟ್ಟಿದ ಗಂಟೆಗಳು 334ಕ್ಕೆ ಇಳಿದಿದ್ದವು. 1838ರಲ್ಲಿ ಸೊನ್ನೆ. ಹೊಸ ಔಷಧಿ ಯಾವುದೂ ಬಂದಿರಲಿಲ್ಲ. ಕಟ್ಟಿದ ಮೇಲೂ ಒಬ್ಬರು ಪಕ್ಕದಲ್ಲಿ ಕೂರಲೇಬೇಕು ಎಂದಾದಾಗ, ಕೂತವರು ಇದ್ದರೆ ಕಟ್ಟುವ ಕೆಲಸವೇ ಬೀಳುವುದಿಲ್ಲ ಎಂದು ಗೊತ್ತಾಯಿತು. ಅಲ್ಲಿನ ವೈದ್ಯ ಚಾರ್ಲ್ಸ್‌ವರ್ತ್ ಮೆಲ್ಲಗೆ ಕಡಿಮೆ ಮಾಡುತ್ತ ಬಂದದ್ದನ್ನು, 1835ರಲ್ಲಿ ಬಂದ ತರುಣ ಸರ್ಜನ್ ರಾಬರ್ಟ್ ಗಾರ್ಡಿನರ್ ಹಿಲ್ ಪೂರ್ತಿ ನಿಲ್ಲಿಸಿದ. ಹಗಲೂ ರಾತ್ರಿ ಕಣ್ಣಿಡಲು ಸಾಕಷ್ಟು ಜನ ಬೇಕು ಎಂಬುದೇ ಅವನ ಷರತ್ತು. ಜಾನ್ ಕಾನೊಲಿ 1839ರಲ್ಲಿ ಲಂಡನ್ ಬಳಿಯ ಹ್ಯಾನ್ವೆಲ್‌ನಲ್ಲಿ ಸುಮಾರು 800 ರೋಗಿಗಳ ನಡುವೆ ಅದನ್ನೇ ಮಾಡಿ ತೋರಿಸಿದ ಮೇಲೆ, ಇದು ಸಣ್ಣ ಆಸ್ಪತ್ರೆಯ ಮಾತು ಎಂದು ತಳ್ಳಿಹಾಕುವ ಹಾಗಿರಲಿಲ್ಲ.

ಆದರೆ ಸಾಕಷ್ಟು ಜನ ಎಲ್ಲಿಂದ ಬರಬೇಕು? ಬಟ್ಟೆಯ ಗಂಟಿನ ಬದಲು ಔಷಧಿಯ ಗಂಟು ಬಂತು. 1869ರಲ್ಲಿ ಬರ್ಲಿನ್ನಿನ ಓಸ್ಕರ್ ಲೀಬ್ರೈಖ್ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಔಷಧಿಯನ್ನು ಬಳಕೆಗೆ ತಂದ. ಹುಚ್ಚಾಸ್ಪತ್ರೆಗಳು ಅದನ್ನು ಧಾರಾಳವಾಗಿ ಕುಡಿಸಿ ರೋಗಿಗಳನ್ನು ತೆಪ್ಪಗೆ ಮಲಗಿಸಿದವು. ರಾಯಚೂರಿನವರಿಗೆ ಆ ಪುಡಿಯ ಪರಿಚಯ ಬೇಡ. ನಮ್ಮ ಜಿಲ್ಲೆಯಲ್ಲಿ ಸೇಂದಿಯ ಹೆಸರಲ್ಲಿ ಕದ್ದು ಮಾರುವ ಕಲಬೆರಕೆಗೆ ಹಾಕುವ ಸಿ.ಎಚ್. ಪೌಡರ್ ಅದೇ. ಅದಕ್ಕೆ ಒಗ್ಗಿದ ಮೈಗೆ ಒಮ್ಮೆಲೇ ತಪ್ಪಿದರೆ ನಡುಕ, ಭ್ರಮೆ, ಕೆಲವರಿಗೆ ಫಿಟ್ಸ್. ದೇವದುರ್ಗದ ಆ ಮನುಷ್ಯನಿಗೆ ಬೇಕಾಗಿದ್ದದ್ದು ಈ ತಳಮಳಕ್ಕೆ ಸರಿಯಾದ ಔಷಧಿ. ಬರಿಯ ಕಟ್ಟು ಅವರ ನಡುಕವನ್ನು ಒಂದು ಗುಲಗಂಜಿಯಷ್ಟೂ ಇಳಿಸಲಾರದು.

ಮುಂದೆ ನೂರಕ್ಕೂ ಹೆಚ್ಚು ವರ್ಷ ಸಾಮಾನ್ಯ ವಾರ್ಡುಗಳಲ್ಲಿ, ವೃದ್ಧಾಶ್ರಮಗಳಲ್ಲಿ ಕಟ್ಟುವುದು ನಡೆದೇ ಇತ್ತು. "ಬಿದ್ದುಗಿದ್ದಾರು" ಎಂಬುದು ಕಾರಣ. ಅಮೆರಿಕದ ಪೆನ್ಸಿಲ್ವೇನಿಯಾದ ನರ್ಸಿಂಗ್ ಪ್ರಾಧ್ಯಾಪಕಿಯರಾದ ಲೋಯಿಸ್ ಇವಾನ್ಸ್ ಮತ್ತು ನೆವಿಲ್ ಸ್ಟ್ರಂಪ್, ಅಲ್ಲಿವರೆಗೆ ಬಂದ ಬರಹಗಳನ್ನೆಲ್ಲ 1989ರಲ್ಲಿ ಒಟ್ಟು ಹಾಕಿ, ಕಟ್ಟುವುದರಿಂದ ವೃದ್ಧರಿಗೆ ಒಳ್ಳೆಯದಾಗುತ್ತದೆ ಎನ್ನುವುದಕ್ಕೆ ಆಧಾರ ಎಲ್ಲಿದೆ ಎಂದು ಕೇಳಿದರು. ಮೂರು ವರ್ಷಕ್ಕೆ ಉತ್ತರ ಬಂತು. ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟಿ 397 ಜನ ವೃದ್ಧರನ್ನು ಗಮನಿಸಿ ಲೆಕ್ಕ ಹಾಕಿದರು. ಕಟ್ಟದೆ ಬಿಟ್ಟವರಲ್ಲಿ ಬಿದ್ದು ಗಂಭೀರ ಪೆಟ್ಟಾದವರು ನೂರಕ್ಕೆ 5, ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 17. ಕೃಶರಾದವರನ್ನೇ ಹೆಚ್ಚು ಕಟ್ಟಿರಬಹುದಲ್ಲ ಎಂಬ ಅನುಮಾನಕ್ಕೂ ಅವರು ಲೆಕ್ಕದಲ್ಲಿ ಜಾಗ ಕೊಟ್ಟರು. ಆಗಲೂ ಕಟ್ಟು ಕಾಪಾಡಿದ್ದು ಕಾಣಲಿಲ್ಲ. ಯೋಚಿಸಿದರೆ ತಿಳಿಯುವ ಮಾತೇ. ವಾರಗಟ್ಟಲೆ ಕಟ್ಟಿ ಕೂರಿಸಿದ ಕಾಲು ಬತ್ತುತ್ತದೆ, ಬಿಚ್ಚಿದ ದಿನ ನಿಲ್ಲುವ ತ್ರಾಣ ಇರುವುದಿಲ್ಲ. ಕಟ್ಟಿನಿಂದ ನುಸುಳಿ ಕಂಬಿ ಹತ್ತಿ ಬಿದ್ದರಂತೂ ಎತ್ತರದಿಂದಲೇ ಬೀಳಬೇಕು.

ಅದೇ ಯೇಲ್‌ನ ಶರೋನ್ ಇನೌಯೆ 1996ರಲ್ಲಿ ಇನ್ನೊಂದು ಗಂಟು ಬಿಚ್ಚಿದರು. ಆಸ್ಪತ್ರೆಗೆ ಸೇರುವಾಗ ಸರಿಯಿದ್ದ ವಯಸ್ಸಾದವರು ಅಲ್ಲಿಗೆ ಬಂದ ಮೇಲೆ ಯಾಕೆ ಬಡಬಡಿಸುತ್ತಾರೆ? ಅವರು ಕಂಡ ಐದು ಕಾರಣಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು ಕೈಕಾಲು ಕಟ್ಟುವುದು. ಕಟ್ಟಿಸಿಕೊಂಡವರಿಗೆ ಅಪಾಯ ನಾಲ್ಕು ಪಟ್ಟಿಗೂ ಹೆಚ್ಚು. ಮೂತ್ರದ ಕೊಳವೆಯೂ ಆ ಪಟ್ಟಿಯಲ್ಲಿತ್ತು. ಬಡಬಡಿಸುತ್ತಾರೆಂದು ಕಟ್ಟುತ್ತೇವೆ, ಕಟ್ಟಿದ್ದಕ್ಕೆ ಇನ್ನಷ್ಟು ಬಡಬಡಿಸುತ್ತಾರೆ. 1999ರಲ್ಲಿ ಅವರ ತಂಡ 852 ರೋಗಿಗಳಲ್ಲಿ ಬೇರೆ ದಾರಿ ತೋರಿಸಿತು. ತರಬೇತಾದ ಸ್ವಯಂಸೇವಕರು ಬಂದು ಇವತ್ತು ಯಾವ ವಾರ, ಇದು ಯಾವ ಊರು ಎಂದು ನೆನಪಿಸುವುದು, ಕನ್ನಡಕ ಹಾಕುವುದು, ನೀರು ಕುಡಿಸುವುದು, ನಾಲ್ಕು ಹೆಜ್ಜೆ ನಡೆಸುವುದು, ರಾತ್ರಿ ಸದ್ದಿಲ್ಲದೆ ಮಲಗಿಸುವುದು. ಸನ್ನಿ ಹಿಡಿದವರು ನೂರಕ್ಕೆ 15 ಇದ್ದದ್ದು 10ರ ಒಳಗೆ ಬಂತು.

ಇದನ್ನು ಓದುವಾಗ ವರಾಂಡದಲ್ಲಿ ಕೂತ ನಮ್ಮತ್ತೆಯ ಮುಖ ಕಣ್ಮುಂದೆ ಬಂತು. ಅಲ್ಲಿ ಸ್ವಯಂಸೇವಕರನ್ನು ಕರೆತಂದು ಕಲಿಸಬೇಕಾದ ಕೆಲಸಕ್ಕೆ ನಮ್ಮಲ್ಲಿ ಮನೆಯವರೇ ಬಾಗಿಲಲ್ಲಿ ಕೂತಿರುತ್ತಾರೆ, ನಾವು ಹೊರಗೆ ಕಳಿಸುತ್ತೇವೆ. ಅಮೃತಸರದ ಮನೋರೋಗ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆಗೆ ಇರಿಸಿಕೊಂಡಿದ್ದರು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಕಲಿಸಿ, ಮನೋರೋಗದ ಚಿಕಿತ್ಸೆಯನ್ನು ಮನೆಯ ಹತ್ತಿರಕ್ಕೆ ಒಯ್ದಿತು; 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಚಿಕಿತ್ಸೆ ಕೈಗೆ ಸಿಗದ ಕಡೆ ಏನಾಗುತ್ತದೆ ಎನ್ನುವುದು 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಗೊತ್ತಾಯಿತು. ಮನೋರೋಗಿಗಳನ್ನು ಇಟ್ಟಿದ್ದ ಶೆಡ್ಡಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಜನ ಸತ್ತರು.

2013ರಲ್ಲಿ ಮೈಸೂರಿನಲ್ಲಿ ಸೇರಿದ ತಜ್ಞರು ಮನೋರೋಗ ಚಿಕಿತ್ಸೆಯಲ್ಲಿನ ಬಲವಂತದ ಬಗ್ಗೆ ಒಂದು ಘೋಷಣೆ ಹೊರಡಿಸಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿಗೆ ಪೂರ್ತಿ ನಿಷೇಧ. ಬೇರೆ ವಿಧದ ಕಟ್ಟು, ಆ ಕ್ಷಣದ ಅಪಾಯ ತಪ್ಪಿಸಲು ಅನ್ಯ ಮಾರ್ಗವೇ ಇಲ್ಲದಾಗ ಮಾತ್ರ. ಮನೋವೈದ್ಯರ ಅನುಮತಿ ಬೇಕು, ಕಾರಣ ಮತ್ತು ಹೊತ್ತು ಬರೆದಿಡಬೇಕು, 24 ಗಂಟೆಯೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಎಂದೂ ಕಟ್ಟುವಂತಿಲ್ಲ. ಈ ಕೊನೆಯ ಮಾತನ್ನು ಬರೆದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಆದರೆ ಕಾಯ್ದೆ ಹೇಳುವುದು ಮಾನಸಿಕ ಅಸ್ವಸ್ಥರ ವಿಷಯ. ಎಣ್ಣೆ ತಾಗಿ ಬಂದ ಹತ್ತಿ ರೈತನ ಮಂಚದ ಹತ್ತಿರ ಇರುವುದು ನರ್ಸಿನ ವಿವೇಕ ಒಂದೇ.

ಆ ವಿವೇಕವನ್ನು ನಾನು ಕಣ್ಣಾರೆ ಕಂಡೆ. ನಡುರಾತ್ರಿ ದಾಟಿದ ಮೇಲೆ ಹಿರಿಯ ಸಿಸ್ಟರ್ ಒಬ್ಬರು ಬಂದರು. ಮಾವ ಆಗ ಮಂಚ ಅಲುಗುವ ಹಾಗೆ ಒದ್ದಾಡುತ್ತಿದ್ದರು. ಇನ್ನೊಂದು ಕಟ್ಟು ಬಿಗಿಯುತ್ತಾರೇನೋ ಅಂದುಕೊಂಡೆ. ಅವರು ಹಣೆ ಮುಟ್ಟಿದರು, ಬಗಲಲ್ಲಿ ಕೈ ಇಟ್ಟರು. ಮೈ ಕೆಂಡ, ಬೆವರಿನ ಹನಿಯಿಲ್ಲ. ಹೊದಿಕೆ ಸರಿಸಿದರು. ಕಾಲು ಕಟ್ಟಿದ್ದರಿಂದ ಮೂತ್ರದ ಕೊಳವೆ ತೊಡೆಯ ಅಡಿ ಸಿಕ್ಕಿ ಮಡಚಿತ್ತು. ಚೀಲ ಬರಿದು, ಕಿಬ್ಬೊಟ್ಟೆ ಮುಟ್ಟಿದರೆ ಕಲ್ಲು. "ಅಯ್ಯ, ಎಷ್ಟೊತ್ತಿನಿಂದ ತಡಕೊಂಡಾನೋ ಜೀವ" ಎಂದು ಕಾಲಿನ ಗಂಟು ಕತ್ತರಿಸಿ ಕೊಳವೆ ನೆಟ್ಟಗೆ ಮಾಡಿದರು. ಚೀಲ ತುಂಬುವ ಸದ್ದು ನನಗೂ ಕೇಳಿಸಿತು. ಆಮೇಲೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ಕರೆತಂದರು. ಅವರು ಹೊಟ್ಟೆಗೆ ಸ್ಟೆಥಸ್ಕೋಪ್ ಇಟ್ಟರೆ ಕರುಳಿನ ಸದ್ದೇ ಇಲ್ಲ. ಅಟ್ರೊಪಿನ್ ಅತಿಯಾಗಿತ್ತು. ಅದನ್ನು ಕೆಲಹೊತ್ತು ನಿಲ್ಲಿಸಿ, ತಳಮಳ ಇಳಿಯಲು ಡಯಾಜೆಪಾಮ್ ಕೊಟ್ಟು, ಒದ್ದೆ ಬಟ್ಟೆ ಹಾಕಲು ಹೇಳಿದರು.

ಎಣ್ಣೆಯ ವಿಷಕ್ಕೆ ಅಟ್ರೊಪಿನ್ ಬೇಕೇ ಬೇಕು. ಎದೆಯ ನೀರು ಒಣಗಿಸುವುದು ಅದೇ. ಹೆಚ್ಚಾದರೆ ಬೆವರು ನಿಲ್ಲುತ್ತದೆ, ಮೂತ್ರ ಕಟ್ಟುತ್ತದೆ, ಬುದ್ಧಿ ಕದಡುತ್ತದೆ. ಶ್ರೀಲಂಕಾದ ವಾರ್ಡುಗಳಲ್ಲಿ ವರ್ಷಗಟ್ಟಲೆ ಇಂಥ ರೋಗಿಗಳನ್ನು ನೋಡಿದ ಮೈಕೆಲ್ ಎಡಲ್‌ಸ್ಟನ್ ಮತ್ತು ಸಂಗಡಿಗರು 2008ರಲ್ಲಿ ಬರೆದ ಲೇಖನದಲ್ಲಿ ಈ ಎಚ್ಚರಿಕೆ ಇದೆ: ಮಂಪರು ಕೊಡದೆ ಕಟ್ಟಿದ ರೋಗಿ ಕಟ್ಟಿನ ವಿರುದ್ಧ ಗುದ್ದಾಡಿ ಮೈ ಕಾಯಿಸಿಕೊಳ್ಳುತ್ತಾನೆ, ಬಿಸಿ ವಾರ್ಡಿನಲ್ಲಿ ಹೃದಯವೇ ನಿಲ್ಲಬಹುದು. ರಾಯಚೂರಿನ ಸೆಕೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಅಟ್ರೊಪಿನ್ನನ್ನು ಹಳೆಯ ರೀತಿಯಲ್ಲಿ ಆಗಾಗ ಚುಚ್ಚುವುದನ್ನೂ, ಬೇಗ ಬೇಗ ಏರಿಸಿ ಆಮೇಲೆ ಹನಿಹನಿಯಾಗಿ ಬಿಡುವುದನ್ನೂ ಹೋಲಿಸಿ ನೋಡಿದರು. 2012ರಲ್ಲಿ ಫಲಿತಾಂಶ ಬಂತು. ಹಳೆಯ ರೀತಿಯಲ್ಲಿ ಅತಿಯಾದ ಲಕ್ಷಣ ನೂರಕ್ಕೆ 28 ಜನಕ್ಕೆ, ಹೊಸದರಲ್ಲಿ 12. ಸಾವೂ ನೂರಕ್ಕೆ 22ರಿಂದ 8ಕ್ಕೆ ಇಳಿದಿತ್ತು. ಕಟ್ಟಬೇಕಾದ ಕಾರಣವೇ ಕಡಿಮೆಯಾಗಿತ್ತು.

ಆ ಸಿಸ್ಟರ್ ಎಲ್ಲ ಕಟ್ಟನ್ನೂ ಒಂದೇ ಸಲ ಬಿಚ್ಚಲಿಲ್ಲ. ಸೂಜಿಯಿದ್ದ ಎಡಗೈಗೆ ಹತ್ತಿ ಸುತ್ತಿ ಹೊಸದಾಗಿ ಕಟ್ಟಿದರು. ಮೇಲೆ ಕೆಳಗೆ ಸರಿಯುವ ಪಕ್ಕದ ಕಂಬಿಗೆ ಕಟ್ಟದೆ ಮಂಚದ ಚೌಕಟ್ಟಿಗೇ ಕಟ್ಟಿದರು, ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು. ಒಳಗೆ ಎರಡು ಬೆರಳು ತೂರಿಸಿ ನೋಡಿದರು, ಉಗುರು ಒತ್ತಿ ರಕ್ತ ಮರಳುತ್ತದೆಯೇ ಎಂದು ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ ಅತ್ತೆಯನ್ನು ಕರೆದರು. ಔಷಧಿ ಡಬ್ಬಿ ಇಟ್ಟಿದ್ದ ಸ್ಟೂಲು ಖಾಲಿ ಮಾಡಿ ಮಂಚದ ಪಕ್ಕ ಎಳೆದು, "ಇಲ್ಲಿ ಕುಂದ್ರು ಯವ್ವ. ಈ ಕೈ ಹಿಡಕೋ. ಊರಿನ ಮಾತು ಆಡು. ಎತ್ತು ಕಟ್ಟೀನಿ ಅಂತ ಹೇಳು" ಎಂದರು.

ಅತ್ತೆ ಹೇಳಿದರು. ಎತ್ತು ಕಟ್ಟೀನಿ, ಮೇವು ಹಾಕೀನಿ, ಮಲಕೋರಿ. ಮಾವನ ಬಲಗೈ ಅವರ ಕೈಯಲ್ಲಿ ಮೆಲ್ಲಗೆ ಸಡಿಲವಾಯಿತು. ಸಿಸ್ಟರ್ ಎಡಗೈಯ ಜಾರುಗಂಟನ್ನೂ ಎಳೆದು ಬಿಚ್ಚಿ, ಕೇಸ್ ಶೀಟಿನಲ್ಲಿ ಹೊತ್ತು ಬರೆದರು. 2 ಗಂಟೆ 40 ನಿಮಿಷ.