ಹೂಮಳೆಗೆ ಮುಂಚಿನ ದಿನಗಳು

ಮಾರ್ಚ್ ತಿಂಗಳಲ್ಲಿ ಆಲ್ದೂರಿನ ಮಾತು ಎಲ್ಲಿಂದ ಹೊರಟರೂ ಮಳೆಗೇ ಬಂದು ನಿಲ್ಲುತ್ತದೆ. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ಬಸ್ಸು ನಿಲ್ಲುವಲ್ಲಿ, ಗೊಬ್ಬರದಂಗಡಿಯ ಬಾಗಿಲಲ್ಲಿ, ಹೋಟೆಲಿನ ಬೆಂಚಿನ ಮೇಲೆ ಒಂದೇ ವಿಚಾರಣೆ. “ನಿಮ್ಮ ಕಡೆ ಏನಾದ್ರೂ ಬಿತ್ತಾ?” “ಎಲ್ಲಿ ಬಂತು ಮಾರಾಯ್ರೆ, ಗುಡುಗಿ ಹೋಯ್ತು ಅಷ್ಟೆ.” ವಸ್ತಾರೆಯ ಕಡೆ ನಾಲ್ಕು ಹನಿ ಉದುರಿತಂತೆ ಎಂದು ಯಾರಾದರೂ ಹೇಳಿದರೆ ಕೇಳಿದವರೆಲ್ಲ ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಮಧ್ಯಾಹ್ನ ಗುಡ್ಡದ ನೆತ್ತಿಯಲ್ಲಿ ಕಟ್ಟಿದ ಮೋಡ ಸಂಜೆಯ ಹೊತ್ತಿಗೆ ಚದುರಿಹೋಗಿರುತ್ತದೆ.

ಕಾಫಿ ಕೊಯ್ಲು ಮುಗಿದಿದೆ. ಕಣ ಗುಡಿಸಿ ಬರಿದಾಗಿದೆ. ತೋಟದೊಳಗೆ ಕಾಲಿಟ್ಟರೆ ಸಿಲ್ವರ್ ಮರದ ತರಗೆಲೆ ಚರಚರ ಎನ್ನುತ್ತದೆ. ರೊಬಸ್ಟಾ ಗಿಡದ ಅಗಲ ಎಲೆಗಳು ಬಿಸಿಲಿಗೆ ಜೋತುಬಿದ್ದಿವೆ. ಆ ಎಲೆಗಳ ಬುಡದಲ್ಲಿ, ರೆಂಬೆಯ ಗಿಣ್ಣುಗಿಣ್ಣಿಗೂ ಮೊಗ್ಗಿನ ಗೊಂಚಲು. ಬಿಗಿಯಾಗಿ ಮುಚ್ಚಿಕೊಂಡಿವೆ. ನಿನ್ನೆ ಎಷ್ಟಿದ್ದವೋ ಇಂದೂ ಅಷ್ಟೇ ಇವೆ. ಬೆಳೆಗಾರನ ಇಡೀ ವರ್ಷದ ಅನ್ನ ಆ ಮೊಗ್ಗುಗಳಲ್ಲಿದೆ. ಒಂದು ಇಂಚಿನಷ್ಟು ಮಳೆ ಬಂದರೆ ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ಸುರಿದು ನಿಂತರೆ ಮೊಗ್ಗು ಅರಳಲೂ ಆಗದೆ, ಮತ್ತೆ ಮಲಗಲೂ ಆಗದೆ ಕೆಡುತ್ತದೆ.

ಈ ದಿನಗಳಲ್ಲಿ ಇಲ್ಲಿಯ ಪ್ರಾರ್ಥನೆಗೆ ಬೇರೆಯೇ ಒಂದು ದನಿ ಬರುತ್ತದೆ. ತೋಟದ ಮನೆಯ ಅಮ್ಮ ತುಳಸಿಕಟ್ಟೆಗೆ ದೀಪವಿಟ್ಟು, ಕೈಮುಗಿದವರು ಹಾಗೇ ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಕ್ರೈಸ್ತ ಕುಟುಂಬಗಳಿಗೆ ಇದು ತಪಸ್ಸುಕಾಲ. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಅವರು ಶಿಲುಬೆಯ ಹಾದಿಯನ್ನು ಧ್ಯಾನಿಸುತ್ತಾರೆ. ಬರ ಬಿಗಿಯಾದರೆ ಮುಸಲ್ಮಾನರಲ್ಲಿ ಮಳೆಗೆಂದೇ ವಿಶೇಷ ನಮಾಜು ಉಂಟು. ಹೆಸರು, ಭಾಷೆ ಬೇರೆಯಾದರೂ ಎಲ್ಲರ ಮುಖ ಎತ್ತಿರುವುದು ಒಂದೇ ಆಕಾಶಕ್ಕೆ.

ಆಲ್ದೂರಿನ ರಸ್ತೆ ಬಾಳೆಹೊನ್ನೂರು ದಾಟಿ ಶೃಂಗೇರಿಯತ್ತ ಸಾಗುತ್ತದೆ. ಅದರ ಆಚೆ ಕಿಗ್ಗ. ಬರಗಾಲದ ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ತಂದನೆಂಬ ಋಷ್ಯಶೃಂಗನ ಸನ್ನಿಧಿ ಅಲ್ಲಿದೆ. ಮಳೆ ಬಾರದಿದ್ದರೆ ಬರಲೆಂದು, ಬಿಡದೆ ಸುರಿದರೆ ನಿಲ್ಲಲೆಂದು ಮಲೆನಾಡಿನವರು ಅದೇ ಬಾಗಿಲಿಗೆ ಹೋಗುತ್ತಾರೆ. 2019ರ ಜೂನ್‌ನಲ್ಲಿ ಮಳೆಗಾಗಿ ಕಿಗ್ಗದಲ್ಲಿ ಪರ್ಜನ್ಯ ಹೋಮ ನಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಳೆ ಎಷ್ಟು ಸುರಿಯಿತೆಂದರೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದು ಮನೆ-ತೋಟಗಳನ್ನು ಹೊತ್ತುಕೊಂಡು ಹೋದವು. ಬೇಡಿದ್ದೂ ಮಳೆಯನ್ನೇ, ಅತ್ತದ್ದೂ ಮಳೆಗೇ. ಆದರೂ ಜನ ಆ ಬಾಗಿಲನ್ನು ಬಿಡಲಿಲ್ಲ. ಇದು ನನ್ನನ್ನು ಬಹಳ ಕಾಡಿದೆ. ಕೇಳಿದ್ದು ಸಿಗಲಿ ಬಿಡಲಿ, ಕೇಳಲು ಒಬ್ಬನಿದ್ದಾನೆ ಎಂಬ ನಂಟೇ ಈ ಜನರನ್ನು ಹಿಡಿದು ನಿಲ್ಲಿಸಿದೆ.

ಆ ನಂಟನ್ನು ಕೊನೆಯ ತುದಿಯವರೆಗೆ ಬಾಳಿದವಳು ಅಕ್ಕಮಹಾದೇವಿ. ಹನ್ನೆರಡನೆಯ ಶತಮಾನದ ಈ ಶರಣೆ ಹುಟ್ಟಿದ್ದು ಶಿವಮೊಗ್ಗ ಸೀಮೆಯ ಉಡುತಡಿಯಲ್ಲಿ. ಅರಮನೆಯ ಸುಖ ತೊರೆದು ಕಲ್ಯಾಣಕ್ಕೆ ನಡೆದಳು, ಅಲ್ಲಿಂದ ಶ್ರೀಶೈಲದ ಕಾಡಿಗೆ. ದಾರಿಯುದ್ದಕ್ಕೂ ಗಿಳಿಯನ್ನು, ಕೋಗಿಲೆಯನ್ನು, ದುಂಬಿಯನ್ನು ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದಳು. ಆಕೆ ಬೇಡಿದ್ದು ಬೆಳೆಯನ್ನಲ್ಲ, ಮಳೆಯನ್ನಲ್ಲ, ಆತನನ್ನೇ. ನಮ್ಮ ಬೇಡಿಕೆಗಳ ತಳದಲ್ಲೂ ಆ ಹಂಬಲದ ಒಂದೆಳೆ ಇದೆಯೆಂದು ನಾನು ನಂಬುತ್ತೇನೆ. ಈಗ ಎಷ್ಟೋ ತೋಟಗಳಲ್ಲಿ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರಿನಲ್ಲಿ ರೊಬಸ್ಟಾಕ್ಕೆ ಹಾಯಿಸುತ್ತಾರೆ, ಮೊಗ್ಗು ಅರಳುತ್ತದೆ. ಹಾಗೆ ನೀರು ಹಾಯಿಸಿ ಮುಗಿಸಿದ ಯಜಮಾನರೂ ಸಂಜೆ ಜಗಲಿಗೆ ಬಂದು ಮೋಡ ನೋಡುತ್ತಾರೆ. ನೀರಿನಿಂದ ತೀರದ ಬಾಯಾರಿಕೆಯೊಂದು ಅವರೊಳಗೂ ಇದೆ.

ಕಾಫಿ ಗಿಡವೇ ಈ ಬಾಯಾರಿಕೆಗೊಂದು ಅರ್ಥ ಹೇಳುತ್ತದೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಈ ಬೆಟ್ಟಗಳ ಬೆಳೆಗಾರರಿಗೆ ಗಿಡದ ಗುಣಧರ್ಮ ತಿಳಿಸುತ್ತ ಬಂದಿದೆ. ಸ್ವಲ್ಪ ಬೆಳೆದ ಮೊಗ್ಗು ನಿದ್ದೆಗೆ ಜಾರುತ್ತದೆ. ಅದರ ನಿದ್ದೆ ತಿಳಿಯಾಗಲು ಕೆಲವು ವಾರಗಳ ಒಣಹವೆ ಬೇಕು. ಬಾಯಾರಿ ಬಾಯಾರಿ ಹದಗೊಂಡ ಮೊಗ್ಗು ಮಾತ್ರ ಮಳೆ ಬಿದ್ದೊಡನೆ ಎಚ್ಚರಗೊಳ್ಳುತ್ತದೆ, ತೋಟವೆಲ್ಲ ಒಂದೇ ಸಲಕ್ಕೆ ಅರಳುತ್ತದೆ. ವರ್ಷವಿಡೀ ಮಳೆ ಸುರಿಯುವ ನಾಡುಗಳಲ್ಲಿ ಕಾಫಿ ಹೀಗೆ ಒಟ್ಟಾಗಿ ಹೂಬಿಡುವುದಿಲ್ಲ; ಆಗಾಗ ಅಷ್ಟಿಷ್ಟು ಬಿಟ್ಟು, ಹಣ್ಣೂ ಹಿಂದುಮುಂದಾಗಿ ಮಾಗುತ್ತದೆ. ಏನೂ ನಡೆಯುತ್ತಿಲ್ಲವೆಂದು ನಾವು ನಿಟ್ಟುಸಿರಿಡುವ ದಿನಗಳಲ್ಲೇ ಮೊಗ್ಗಿನೊಳಗೆ ಎಲ್ಲವೂ ನಡೆದಿರುತ್ತದೆ.

ಮಳೆ ಬಂದ ವರ್ಷವೂ ಕಾಯುವುದು ಮುಗಿಯುವುದಿಲ್ಲ. ಮಲ್ಲಿಗೆಯನ್ನು ಹೋಲುವ ಕಂಪು ಊರನ್ನು ತುಂಬುತ್ತದೆ, ಜೇನು ಮುತ್ತುತ್ತದೆ, ಎರಡು-ಮೂರು ದಿನಕ್ಕೆ ಹೂ ಕಂದುತ್ತದೆ. ಆಮೇಲೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ ಬೇಕು, ರೇವತಿ ಮಳೆಗೋ ಅಶ್ವಿನಿ ಮಳೆಗೋ ಮತ್ತೆ ಮುಗಿಲು ನೋಡಬೇಕು. ದೇವರ ದಾರಿ ಕಾಯುವವರ ಪಾಡೂ ಇದೇ. ಕಂಡೆನೆನ್ನುವ ಗಳಿಗೆ ಚಿಕ್ಕದು, ಕಾಯುವ ಕಾಲ ದೊಡ್ಡದು. ಎಷ್ಟು ಕರೆದರೂ ಉತ್ತರವಿಲ್ಲವೆಂದು ಕೊರಗುವವರಿಗೆ ಈ ಬೆಟ್ಟದ ಜನರ ಪರವಾಗಿ ನಾನು ಹೇಳುವುದಿಷ್ಟೆ: ದೀಪ ಹಚ್ಚುವುದನ್ನು ಬಿಡಬೇಡಿ. ಹಂಬಲ ಇನ್ನೂ ನೋಯುತ್ತಿದೆಯೆಂದರೆ ಒಳಗಿನ ಮೊಗ್ಗು ಬದುಕಿದೆ ಎಂದೇ ಅರ್ಥ. ಆ ನೋವನ್ನು ಕೊಟ್ಟವನು ಅದನ್ನು ಮರೆತಿರಲಾರ.