ಭಂಡಾರ ರೋಗಕ್ಕೆ ತಡೆ ಸದಕದೊಳಗಿದೆ

ಗೋಧಿ ಬೆಳೆಯುವ ನಮ್ಮ ಕಡೆ ಭಂಡಾರ ರೋಗ ಹೊಸದಲ್ಲ. ರೋಗ ಬಿದ್ದ ಹೊಲದೊಳಗೆ ಒಂದು ಸಾಲು ನಡೆದು ಬಂದರೆ ಧೋತರಕ್ಕೆಲ್ಲ ಭಂಡಾರ ಎರಚಿದಂಗೆ ಪುಡಿ ಹತ್ತುತ್ತದೆ. ಎಲೆಗೆ ಬರುವುದು ಕಂದು ಭಂಡಾರ, ದಂಟಿಗೆ ಬರುವುದು ಕಪ್ಪು ಭಂಡಾರ. ದಂಟಿನದು ಜೋರು ಹತ್ತಿದರೆ ತೂರುವಾಗ ಹೊಟ್ಟಿನ ಜೊತೆ ಕಾಳೂ ಹಾರಿ ಹೋಗುತ್ತದೆ, ಅಷ್ಟು ಜೊಳ್ಳು.

ಇದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಬಯಲುಸೀಮೆಯ ಬೇಸಿಗೆ ಬಿಸಿಲಿಗೆ ಸತ್ತು ಹೋಗುತ್ತದೆ. ನೀಲಗಿರಿಯಂಥ ತಂಪು ಬೆಟ್ಟಗಳಲ್ಲಿ ಜೀವ ಹಿಡಿದಿದ್ದು, ಮತ್ತೆ ಗಾಳಿ ಮಳೆ ಹತ್ತಿ ಬರುತ್ತದೆ. ಹೀಗೆ ಬೆಟ್ಟದಿಂದ ಬಯಲಿಗೆ ಬರುತ್ತದೆಂದು ತೋರಿಸಿಕೊಟ್ಟವರು ಆಗ್ರಾದ ಕೆ.ಸಿ. ಮೆಹ್ತಾ. ಗಾಳಿಗೆ ಬೇಲಿ ಹಾಕಲಿಕ್ಕೆ ಆದೀತೇನು? ಸಿಂಪಡಿಸುವ ಔಷಧ ಉಂಟು. ಆದರೆ ಮಳೆ ನಂಬಿದ ಎಕರೆಗೆ ಮೂರ್ನಾಲ್ಕು ಚೀಲ ಕಾಣುವ ನಮ್ಮಂಥವರಿಗೆ ಆ ಲೆಕ್ಕ ಕೂಡುವುದಿಲ್ಲ. ತಡೆಯುವ ಗುಣ ಬೀಜದೊಳಗೇ ಇರಬೇಕು.

ಆ ಗುಣ ಎಲ್ಲಿಂದ ತರುತ್ತಾರೆ ಎಂದು ಕೇಳುತ್ತ ಹೋದರೆ ದಾರಿ ನಮ್ಮ ಮನೆಗೇ ಬಂದು ಮುಟ್ಟುತ್ತದೆ. ಹುಗ್ಗಿ, ಮಾದಲಿ, ಶಾವಿಗೆ ಮಾಡುವ ಸದಕ ಇದೆಯಲ್ಲ, ಮರಾಠಿಯವರ ಕಪ್ಲಿ, ಅದೇ. 1920ರ ದಶಕದಲ್ಲಿ ಅಮೆರಿಕದ ಸ್ಟ್ಯಾಕ್‌ಮನ್ ಎಂಬವರು ಕಪ್ಪು ಭಂಡಾರದ ಒಳಜಾತಿಗಳನ್ನು ಗುರುತಿಸಲು 12 ಗೋಧಿಗಳನ್ನು ಆರಿಸಿದರು. ಅದರಲ್ಲಿ ಕಪ್ಲಿ ಒಂದು. ಬೇರೆ ಗೋಧಿಗಳ ಮೇಲೆ ಏಳುವ ಬಹಳಷ್ಟು ಒಳಜಾತಿಗಳು ಕಪ್ಲಿಯ ಮೇಲೆ ಏಳುತ್ತಿರಲಿಲ್ಲ.

ಪರೀಕ್ಷೆ ಮಾಡುವ ರೀತಿ ಸರಳ. ಕುಂಡದಲ್ಲಿ ಬೀಜ ಹಾಕಿ, ಒಂದು ವಾರದ ಸಸಿಯ ಎಲೆಗೆ ರೋಗದ ಪುಡಿ ಹಚ್ಚಿ, ರಾತ್ರಿಯೆಲ್ಲ ತೇವದಲ್ಲಿ ಇಡುತ್ತಾರೆ. ಎರಡು ವಾರಕ್ಕೆ ಎಲೆ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಇಲ್ಲಿ ನಮ್ಮ ಶಾಲೆಯ ಉಲ್ಟಾ, ಸೊನ್ನೆ ಬಂದವನೇ ಶಾಣ್ಯಾ! ನಾಲ್ಕು ಬಂದರೆ ದೊಡ್ಡ ದೊಡ್ಡ ಗುಳ್ಳೆ ಎದ್ದಿವೆ ಎಂದರ್ಥ. ಸಸಿಯಲ್ಲಿ ಸೋತು, ಬೆಳೆದ ಮೇಲೆ ತಡೆಯುವ ಗೋಧಿಗಳೂ ಇವೆ. ಅವು ಕುಂಡದಲ್ಲಿ ಸಿಗುವುದಿಲ್ಲ, ಹೊಲದಲ್ಲಿ ರೋಗ ಬಿಟ್ಟೇ ನೋಡಬೇಕು.

ಗುಣ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಸದಕದಲ್ಲಿ 28 ವರ್ಣತಂತು, ಚಪಾತಿ ಗೋಧಿಯಲ್ಲಿ 42. ಕೂಡಿಸಿದರೆ ಬರುವ ಕಾಳು ಮುರುಟಿರುತ್ತದೆ, ಗಿಡ ಬಂಜೆಯಾಗುವುದೇ ಹೆಚ್ಚು. ಹಟ ಬಿಡದವರಿಗಷ್ಟೇ ಒಲಿಯುವ ಕೆಲಸ. ಅಮೆರಿಕದ ಮ್ಯಾಕ್‌ಫ್ಯಾಡನ್ 1916ರಲ್ಲಿ ಸದಕದ ಕುಲದ್ದೇ ರಷ್ಯಾ ಕಡೆಯ ಗೋಧಿಯೊಂದನ್ನು ಮಾರ್ಕ್ವಿಸ್ ಎಂಬ ಚಪಾತಿ ಗೋಧಿಗೆ ಕೂಡಿಸಿ, ಹತ್ತು ವರ್ಷ ಬೆನ್ನು ಹತ್ತಿ 'ಹೋಪ್' ತಳಿ ಮಾಡಿದರು. ಆಸ್ಟ್ರೇಲಿಯಾದ ವಾಟರ್‌ಹೌಸ್ ಕಪ್ಲಿಯನ್ನೇ ಸ್ಟೈನ್‌ವೆಡೆಲ್ ಎಂಬ ಗೋಧಿಗೆ ಕೂಡಿಸಿ 'ಕಾಪ್‌ಸ್ಟೈನ್' ತೆಗೆದರು. ಬೂದಿ ರೋಗ ತಡೆಯುವ ಒಂದು ಗುಣವೂ ಕಪ್ಲಿಯಲ್ಲಿ ಸಿಕ್ಕಿದೆ.

ರೋಗವೂ ಸುಮ್ಮನೆ ಕೂರುವುದಿಲ್ಲ. ರೈ ಎಂಬ ಧಾನ್ಯದಿಂದ ತಂದ ಎಸ್‌ಆರ್ 31 ಎಂಬ ಗುಣ ಜಗತ್ತಿನ ಎಷ್ಟೋ ತಳಿಗಳಲ್ಲಿತ್ತು. 1998ರಲ್ಲಿ ಉಗಾಂಡಾದಲ್ಲಿ ಕಂಡ ಹೊಸ ಒಳಜಾತಿ ಅದನ್ನು ಮುರಿಯಿತು. ಕಪ್ಲಿಯಿಂದಲೂ ಪಡೆದ ಎಸ್‌ಆರ್ 13 ಆ ಉಗಾಂಡಾದ್ದನ್ನು ತಡೆಯಿತು. ಆದರೆ ಇಥಿಯೋಪಿಯಾದಲ್ಲಿ ಎಸ್‌ಆರ್ 13ನ್ನೂ ಮೀರುವ ಇನ್ನೊಂದು ಒಳಜಾತಿ ಎದ್ದಿದೆ. ಹೋಪ್‌ನಿಂದ ಬಂದ ಎಸ್‌ಆರ್ 2 ರೋಗವನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಆದರೂ ಇಷ್ಟು ವರ್ಷ ಬಾಳಿದ್ದು ಅದೇ. ಈಗ ಎರಡು ಮೂರು ಗುಣ ಒಂದೇ ತಳಿಯಲ್ಲಿ ಕೂಡಿಸುತ್ತಾರೆ. ಅದಕ್ಕೆ ಬಗೆಬಗೆಯ ಹಳೇ ಗೋಧಿ ಬೇಕೇ ಬೇಕು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1009ರಂಥ ಗಿಡ್ಡ ಸದಕ ಕೊಟ್ಟಿದ್ದಾರೆ. ಒಳ್ಳೆಯವೇ. ಆದರೆ ಎಲ್ಲರೂ ಅವನ್ನೇ ಹಾಕಿದರೆ ಎತ್ತರದ ಹಳೇ ಸದಕದ ಗತಿ ಏನು? ತಣ್ಣನೆಯ ಕೋಣೆಯಲ್ಲಿ ಇಟ್ಟ ಬೀಜ ಉಳಿಯುತ್ತದೆ, ಆದರೆ ವರ್ಷ ವರ್ಷ ಬದಲಾಗುವ ರೋಗದ ಜೊತೆ ಅದು ಬೆಳೆಯುವುದಿಲ್ಲ. ಊರಲ್ಲಿ ಸದಕ ಬಿಟ್ಟವರು ಹೇಳುವುದು ಒಂದೇ ಮಾತು: ಸಿಪ್ಪೆ ಬಿಡುವುದಿಲ್ಲ, ಕುಟ್ಟುವವರಿಲ್ಲ. ಆ ಮಾತು ಸುಳ್ಳಲ್ಲ, ಕುಟ್ಟುವ ಕಷ್ಟ ಹೆಣ್ಣುಮಕ್ಕಳದು.

ನಾನು ಬಾವಿ ದಂಡೆಯ ಹತ್ತು ಗುಂಟೆಯಲ್ಲಿ ಹಳೇ ಸದಕ ಹಾಕುತ್ತೇನೆ. ಬೀಜದ್ದನ್ನು ಕುಟ್ಟಿಸುವುದಿಲ್ಲ, ಸಿಪ್ಪೆ ಸಮೇತ ಇಟ್ಟು ಸಿಪ್ಪೆ ಸಮೇತವೇ ಬಿತ್ತುತ್ತೇನೆ. ಸಿಪ್ಪೆ ಇದ್ದರೆ ಹುಳದ ಕಾಟ ಕಡಿಮೆ. ಭಂಡಾರ ಬಿದ್ದ ವರ್ಷ ಸ್ವಚ್ಛ ಉಳಿದ ಗಿಡಕ್ಕೆ ದಾರ ಕಟ್ಟಿ, ಆ ತೆನೆ ಬೇರೆ ಇಡುತ್ತೇನೆ.