ಬಿರುಬಿಸಿಲಿನಲ್ಲಿ ಮನೆಯ ಮೀನುತೊಟ್ಟಿ

ಕಲಬುರಗಿಯ ಬೇಸಿಗೆಯನ್ನು ಕಲಬುರಗಿಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ತೇರು ಎಳೆದಾಯಿತೆಂದರೆ ಬಿಸಿಲಿನ ಆಳ್ವಿಕೆ ಆರಂಭವಾದಂತೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 42-43 ಡಿಗ್ರಿ ಮುಟ್ಟುವುದು ಇಲ್ಲಿ ವಾಡಿಕೆ. ಸರ್ಕಾರವೇ ಈ ಭಾಗದ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದುಂಟು. ಮನುಷ್ಯರೇನೋ ಮನೆಗೆ ಬಂದು ಕೂಲರಿನ ಮುಂದೆ ಕುಳಿತಾರು. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿರುವ ಮೀನು ಎಲ್ಲಿಗೆ ಹೋದೀತು?

ಲಿಂಗಾಯತರ ಮನೆಯಲ್ಲಿ ಮೀನೇಕೆ ಎಂದು ನಮ್ಮ ಬೀಗರೊಬ್ಬರು ನಗುತ್ತ ಕೇಳಿದ್ದರು. ನೋಡುವುದಕ್ಕೆ ಎಂದು ಉತ್ತರಿಸಿದೆವು. ಮಕ್ಕಳ ಹಟಕ್ಕಾಗಿ ಇಂದು ನಮ್ಮ ಸಮಾಜದ ಅನೇಕ ಮನೆಗಳಿಗೆ ಇಂತಹ ತೊಟ್ಟಿಗಳು ಬಂದಿವೆ. ತಂದ ಮೇಲೆ ಆ ಜೀವಗಳ ಹೊಣೆ ನಮ್ಮದೇ. ಹೊಲ ಕಾಯಲು ಹೋದ ಶರಣಬಸವೇಶ್ವರರು ಹಕ್ಕಿಗಳನ್ನು ಓಡಿಸದೆ, ತೆನೆ ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರೆಂಬ ಕಥೆಯನ್ನು ಕೇಳಿ ಬೆಳೆದವರು ನಾವು.

ಆದರೂ ತಪ್ಪು ನಮ್ಮಿಂದಲೇ ಆಯಿತು. ಎರಡು ವರ್ಷಗಳ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ, ಕರೆಂಟು ಹೋಗಿ ಎರಡು ತಾಸಾಗಿತ್ತು. ನಮ್ಮ ಗೋಲ್ಡ್ ಫಿಶ್‌ಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತ ಮುಚ್ಚುತ್ತ ಇದ್ದವು. ಹಸಿದಿವೆಯೆಂದು ಮಕ್ಕಳು ಕಾಳು ಹಾಕಿದರು. ತಂಪಾಗಲೆಂದು ನಾವು ಫ್ರಿಜ್ಜಿನ ಬರ್ಫನ್ನೆಲ್ಲ ಸುರಿದೆವು. ದೀಪ ಹಚ್ಚುವ ಹೊತ್ತಿಗೆ ನಾಲ್ಕರಲ್ಲಿ ಮೂರು ಸತ್ತು ತೇಲುತ್ತಿದ್ದವು. ಕಿರಿಯ ಮಗಳು ಆ ರಾತ್ರಿ ಊಟ ಮಾಡಲಿಲ್ಲ.

ಅವು ಹಸಿದಿರಲಿಲ್ಲ, ಉಸಿರಿಗಾಗಿ ಒದ್ದಾಡುತ್ತಿದ್ದವು. 25 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ 7 ಮಿಲಿಗ್ರಾಂ ಮಾತ್ರ. ಅದೇ ಸಮಯದಲ್ಲಿ ಶಾಖದಿಂದಾಗಿ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಗಾಳಿ ಊದುವ ಪಂಪು ನಿಂತಿತ್ತು. ತಿನ್ನದೆ ಉಳಿದ ಕಾಳು ಕೊಳೆತು ಇದ್ದ ಆಮ್ಲಜನಕವನ್ನೂ ಹೀರಿತು. ಅದರ ಮೇಲೆ ಬರ್ಫದ ಆಘಾತ. ಉಷ್ಣತೆ ಒಮ್ಮೆಲೆ ಇಳಿಯುವುದು ಏರುವುದಕ್ಕಿಂತ ಕಡಿಮೆ ಅಪಾಯದ್ದಲ್ಲ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನಮ್ಮ ಅಕ್ಕನವರ ಮನೆಯಿದೆ. ಬಿಸಿಲು ಅಲ್ಲಿಯೂ ಇದೇ. ಆದರೆ ಅವರ ಮೀನುಗಳು ಆ ವರ್ಷವೂ ಕ್ಷೇಮವಾಗಿದ್ದವು. ದಪ್ಪ ಕಲ್ಲುಗೋಡೆಯ ಹಳೆಯ ಮಣ್ಣಿನ ಮಾಳಿಗೆ. ನಡುಮನೆಯಲ್ಲಿ, ಶಹಾಬಾದ ಫರ್ಸಿಯ ನೆಲಕ್ಕೆ ಸಮೀಪವಾಗಿ ತಗ್ಗು ಕಟ್ಟೆಯ ಮೇಲೆ ತೊಟ್ಟಿ. ಗಾಜಿನ ಮುಚ್ಚಳ ತೆಗೆದು ಜಾಳಿಗೆ ಹೊದಿಸಿದ್ದರು. ಪಕ್ಕದಲ್ಲೊಂದು ಸಣ್ಣ ಟೇಬಲ್ ಫ್ಯಾನು ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುತ್ತಿತ್ತು. ಇದನ್ನಾರು ಹೇಳಿಕೊಟ್ಟರೆಂದು ಕೇಳಿದೆವು.

“ಹರವಿ ನೀರು ಹ್ಯಾಂಗ ತಣ್ಣಗಾಗ್ತದ, ಇದೂ ಹಂಗ ತಮ್ಮಾ,” ಎಂದರು ಅಕ್ಕ.

ಅಕ್ಕನ ಮಾತನ್ನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆವು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಅದರಿಂದ ಅರ್ಧ ಲೀಟರ್ ಆವಿಯಾದರೆ, ಉಳಿದ ನೀರನ್ನು 5 ಡಿಗ್ರಿ ತಂಪು ಮಾಡುವಷ್ಟು ಶಾಖವನ್ನು ಅದು ಹೊತ್ತೊಯ್ಯುತ್ತದೆ. ಕೋಣೆಯ ಶಾಖ ಮರಳಿ ಸೇರುತ್ತಲೇ ಇರುವುದರಿಂದ ನಿಜವಾಗಿ ದಕ್ಕುವುದು 2ರಿಂದ 4 ಡಿಗ್ರಿ. ಅಷ್ಟೇ ಸಾಕು. ಮಂಗಳೂರಿನ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ನಮ್ಮನ್ನು ಸುಡುವ ಈ ಒಣಹವೆಯೇ ಇಲ್ಲಿ ಮೀನಿಗೆ ಉಪಕಾರಿ! ಕೂಲರು ಹಚ್ಚಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ತೇವ ತುಂಬಿ ಈ ಗುಣ ತಗ್ಗುತ್ತದೆ.

ಆರಿಹೋದ ನೀರನ್ನು ದಿನವೂ ತುಂಬಬೇಕು. ನಳದ ನೀರಾದರೆ ಒಂದು ದಿನ ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಹಾಕಬೇಕು. ನೀರು ಆರಿದರೂ ಲವಣ ತೊಟ್ಟಿಯಲ್ಲಿಯೇ ಉಳಿಯುವುದರಿಂದ, ಬೋರ್‌ವೆಲ್ಲಿನ ಗಡಸು ನೀರನ್ನು ಬಳಸುವವರು ವಾರಕ್ಕೊಮ್ಮೆ ಐದರಲ್ಲೊಂದು ಪಾಲು ಹಳೆಯ ನೀರನ್ನು ತೆಗೆದು ಹೊಸದನ್ನು ಹಾಕುವುದು ಒಳ್ಳೆಯದು. ತೆಗೆದ ನೀರು ತುಳಸಿಗೂ ಮಲ್ಲಿಗೆಗೂ ಉತ್ತಮ ಗೊಬ್ಬರ.

ತೀರ ಅನಿವಾರ್ಯವಾದಾಗ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಿರಡೆ ಬಿಗಿದು ತೇಲಿಬಿಡಬಹುದು, ಒಮ್ಮೆಗೆ ಒಂದೇ. ತಾಪಮಾಪಕ ನೋಡುತ್ತಿದ್ದು, ತಾಸಿಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯುವಂತಿದ್ದರೆ ಹೊರಗೆ ತೆಗೆಯಬೇಕು. ಕರೆಂಟು ಹೋದಾಗ ತೊಟ್ಟಿಯ ನೀರನ್ನೇ ತಂಬಿಗೆಯಲ್ಲಿ ಮೊಗೆದು ಒಂದು ಗೇಣು ಎತ್ತರದಿಂದ ಮೆಲ್ಲನೆ ಸುರಿಯುತ್ತಿದ್ದರೆ ಗಾಳಿ ಬೆರೆಯುತ್ತದೆ. ಈ ಕೆಲಸಕ್ಕೆ ರಜೆಯಲ್ಲಿರುವ ಮಕ್ಕಳಿಗಿಂತ ಉತ್ಸಾಹಿಗಳು ಸಿಗಲಾರರು. ಹಗಲಿನಲ್ಲಿ ತೊಟ್ಟಿಯ ದೀಪ ಬೇಡ. ಕಾಳು ಬೆಳಿಗ್ಗೆ ಒಂದು ಚಿಟಿಕೆ ಮಾತ್ರ. ಪಡುವಣ ಗೋಡೆಗೆ ಹತ್ತಿದ ತೊಟ್ಟಿಯನ್ನು ಬಿಸಿಲು ಬಲಿಯುವ ಮೊದಲೇ ಸರಿಸಬೇಕು.

ಗೋಲ್ಡ್ ಫಿಶ್ ಮೂಲತಃ ಚೀನಾ ದೇಶದ ತಂಪು ಕೊಳಗಳ ಮೀನು. 24 ಡಿಗ್ರಿಯೊಳಗಿನ ನೀರು ಅದಕ್ಕೆ ಹಿತ. ನಮ್ಮ ಊರಿಗೆ ಗಪ್ಪಿ, ಮೋಲಿಗಳೇ ಲೇಸು. ಅವನ್ನಾದರೂ ಮೃಗಶಿರಾ ಮಳೆ ಬೀಳುವವರೆಗೆ ಕೊಂಡು ತರಬಾರದು. ಮಕ್ಕಳು ಹಟ ಹಿಡಿದರೆ ಜೂನ್ ತಿಂಗಳಿಗೆಂದು ಮಾತು ಕೊಟ್ಟುಬಿಡಿ. ನಾವೂ ಹಾಗೆಯೇ ಮಾಡಿದ್ದೇವೆ.